ಹಳೇ ಮನೆ ಕೊಂಡೆವು, ಬಾಗಿಲ ಬೀಗ ಬದಲಿಸಲೇಬೇಕಾ?

ತುಳಸಿಕಟ್ಟೆ_ಮೈಸೂರು
ಕುವೆಂಪುನಗರದಲ್ಲಿ ಹೋದ ತಿಂಗಳು ಒಂದು ಮನೆ ಕೊಂಡೆವು. 1994ರಲ್ಲಿ ಕಟ್ಟಿದ್ದು. ಕೊಟ್ಟವರು ವಯಸ್ಸಾದ ದಂಪತಿ, ತುಂಬಾ ಒಳ್ಳೆಯ ಜನ. ರಿಜಿಸ್ಟ್ರೇಷನ್ ಆದ ದಿನವೇ ಒಂದು ಬಿಸ್ಕತ್ ಡಬ್ಬದ ತುಂಬಾ ಬೀಗದ ಕೈ ಕೊಟ್ಟರು. ಎಣಿಸಿದೆ, 23 ಇವೆ. ಯಾವುದು ಯಾವುದಕ್ಕೆ ಅಂತ ಅವರಿಗೂ ಗೊತ್ತಿಲ್ಲ. ಮುಂಬಾಗಿಲಿಗೆ ಆಗುವುದು ಮೂರು ಸಿಕ್ಕವು. ಬೀಗ ಗಟ್ಟಿಯಾಗಿದೆ, ಸಲೀಸಾಗಿ ತಿರುಗುತ್ತದೆ. ಬದಲಿಸುವ ಯೋಚನೆಯೇ ಇರಲಿಲ್ಲ.

ಮೊನ್ನೆ ಭಾನುವಾರ ಎಲ್ಲರೂ ನಂಜನಗೂಡಿಗೆ ಹೋಗಿದ್ದೆವು. ಸಂಜೆ ಬಂದು ಬಾಗಿಲು ತೆಗೆದರೆ ಹಿತ್ತಲ ತುಳಸಿಗೆ ಯಾರೋ ನೀರು ಹಾಕಿದ್ದಾರೆ. ಅಡುಗೆಮನೆ ಕಟ್ಟೆಯ ಮೇಲೆ ಒಂದು ಡಬ್ಬ ಚಕ್ಕುಲಿ! ವಿಚಾರಿಸಿದರೆ ಪಕ್ಕದ ಮನೆ ಅಜ್ಜಿ. 20 ವರ್ಷದಿಂದ ನಮ್ಮ ಮನೆಯದೊಂದು ಕೀ ಅವರ ಹತ್ತಿರ ಇದೆಯಂತೆ. "ಗಿಡ ಬಾಡಿತ್ತಲ್ಲಪ್ಪ, ಅದಕ್ಕೇ ಬಂದೆ" ಅಂದರು.

ಚಕ್ಕುಲಿ ಚೆನ್ನಾಗಿತ್ತು. ಆದರೆ ಹೆಂಡತಿ ಅವತ್ತಿನಿಂದ ರಾತ್ರಿ ಬಾಗಿಲಿಗೆ ಕುರ್ಚಿ ಒತ್ತರಿಸಿಟ್ಟು ಮಲಗುತ್ತಿದ್ದಾಳೆ. ಅಪ್ಪನದು ಬೇರೆ ರಾಗ: "ಇಂಥ ಬೀಗ ಈಗ ಸಿಗಲ್ಲ, ಮುಟ್ಟಬೇಡ." ಏನು ಮಾಡಲಿ? ಪೂರ್ತಿ ಬೀಗ ಬದಲಿಸಬೇಕಾ, ಒಳಗಿನದು ಮಾತ್ರ ಬದಲಿಸಿದರೆ ಸಾಕಾ? ತೇಗದ ಬಾಗಿಲು, ಹೊಸದಾಗಿ ಕೊರೆಸಲು ಮನಸ್ಸಿಲ್ಲ.

ಅರ್ಧ_ಟೀ
ಬದಲಿಸಿ. ಇದರಲ್ಲಿ ಯೋಚನೆ ಮಾಡುವುದೇನಿದೆ.

ಜಯನಗರ_ನಾಲ್ಕನೇಬ್ಲಾಕ್
ಅಜ್ಜಿಯ ಕೀ ಬಗ್ಗೆ ನಿಮಗೆ ಗೊತ್ತಾಯಿತು. ಗೊತ್ತಿಲ್ಲದ್ದು ಎಷ್ಟಿವೆ? 30 ವರ್ಷದಲ್ಲಿ ಕೆಲಸದವರು, ಬಣ್ಣ ಹೊಡೆದವರು, ಬಾಡಿಗೆಗೆ ಇದ್ದವರು, ಮನೆ ತೋರಿಸಿದ ಬ್ರೋಕರ್. ನಾವು ಕೊಂಡಾಗ ಹಳೇ ಮಾಲೀಕರ ಭಾವಮೈದ ಸೀದಾ ಬೀಗ ತೆಗೆದು ಒಳಗೆ ಬಂದ. ಮನೆ ಮಾರಿದ್ದು ಅವನಿಗೆ ಗೊತ್ತೇ ಇರಲಿಲ್ಲ. ನಾನು ಹಾಲ್‌ನಲ್ಲಿ ಲುಂಗಿ ಉಟ್ಟು ಟೀವಿ ನೋಡುತ್ತಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು "ಯಾರು ನೀವು?" ಅಂತ ಕೇಳಿಕೊಂಡೆವು.

ಬೀಗರ_ಊಟ
ಬೀಗರನ್ನು ಬದಲಿಸಲಾಗಲ್ಲ, ಬೀಗವನ್ನಾದರೂ ಬದಲಿಸಿ ಸ್ವಾಮಿ.

ಸುಮ್ನಿರಿ_ಸಾರ್
ನನಗೇನೋ ಇದೆಲ್ಲ ದಂಡದ ಖರ್ಚು. ಕಳ್ಳ ಕೀ ತಗೊಂಡು ಬರಲ್ಲ, ಕಬ್ಬಿಣದ ರಾಡ್ ತಗೊಂಡು ಬರುತ್ತಾನೆ. ಹೊರಗಿನ ಚಿಲಕಕ್ಕೆ ಹಾಕಿದ ಬೀಗವನ್ನು ಕೊಂಡಿ ಸಮೇತ ಮೀಟಿ ಎತ್ತುತ್ತಾನೆ. ನಿಮ್ಮ ಹೊಸ ಬೀಗ ಅವನಿಗೆ ಲೆಕ್ಕಕ್ಕೇ ಇಲ್ಲ.

ಪಾಲಿಸಿ_ಮಾವ
ಸುಮ್ನಿರಿ ಸಾರ್, ಅಲ್ಲೇ ಇರುವುದು ತೊಂದರೆ. ರಾಡ್‌ನಲ್ಲಿ ಒಡೆದು ಬಂದರೆ ಬಾಗಿಲ ಮೇಲೆ ಗುರುತು ಇರುತ್ತದೆ. ಕೀ ಹಾಕಿಕೊಂಡು ಬಂದು ಒಡವೆ ತಗೊಂಡು ಹೋದರೆ? ಮನೆಗಳ್ಳತನದ ವಿಮೆಯಲ್ಲಿ ಸಾಮಾನ್ಯವಾಗಿ ಬಲವಂತವಾಗಿ ಒಳನುಗ್ಗಿದ ಗುರುತು ಕೇಳುತ್ತಾರೆ. ಬೀಗ ಸರಿಯಾಗಿದೆ, ಬಾಗಿಲು ಸರಿಯಾಗಿದೆ, ಬೀರು ಖಾಲಿ ಅಂದರೆ ಕ್ಲೈಮ್‌ಗೆ ಓಡಾಡಿ ಓಡಾಡಿ ಸುಸ್ತಾಗುತ್ತೀರಿ. ಪೊಲೀಸರೂ ಮೊದಲು ಮನೆಯವರನ್ನೇ, ಕೆಲಸದವರನ್ನೇ ವಿಚಾರಿಸುತ್ತಾರೆ. ಪಾಪ, ಕೆಲಸದವಳ ಮೇಲೆ ಸುಮ್ನೆ ಅನುಮಾನ.

ಸುಮ್ನಿರಿ_ಸಾರ್
ಅದು ಹೊಳೆದಿರಲಿಲ್ಲ. ಸರಿ, ಅರ್ಧ ಒಪ್ಪಿದೆ.

ಉಳಿಬಾಚಿ
ನಾನು ಮರಗೆಲಸದವನು. ತುಳಸಿಕಟ್ಟೆಯವರೇ, ಯಾವ ಥರದ ಬೀಗ ಅಂತ ಮೊದಲು ಹೇಳಿ. ಅದು ಗೊತ್ತಿಲ್ಲದೆ ಪೂರ್ತಿ ಬದಲಿಸಿ, ಅರ್ಧ ಬದಲಿಸಿ ಅನ್ನುವುದರಲ್ಲಿ ಅರ್ಥವಿಲ್ಲ. ಕೀ ನೋಡಿ. ಚಪ್ಪಟೆಯಾಗಿ, ಒಂದು ಅಂಚಿನಲ್ಲಿ ಗರಗಸದ ಹಾಗೆ ಹಲ್ಲಿದ್ದರೆ ಅಥವಾ ಮೈಮೇಲೆ ಗುಳಿ ಗುಳಿ ಇದ್ದರೆ ಅದು ಸಿಲಿಂಡರ್ ಬೀಗ. ದುಂಡನೆಯ ಕಡ್ಡಿ, ತುದಿಯಲ್ಲಿ ಪುಟ್ಟ ಬಾವುಟದ ಹಾಗೆ ಒಂದು ರೆಕ್ಕೆ, ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದಿದ್ದರೆ ಲಿವರ್ ಬೀಗ. ಲಿವರ್ ಅಂದರೆ ಬೀಗದೊಳಗೆ ಒಂದರ ಪಕ್ಕ ಒಂದು ಕೂತಿರುವ ತೆಳು ಲೋಹದ ಪಟ್ಟಿಗಳು, ಕೀಯ ಒಂದೊಂದು ಮೆಟ್ಟಿಲು ಒಂದೊಂದನ್ನು ಎತ್ತುತ್ತದೆ.

ಸಿಲಿಂಡರ್ ಆದರೆ ನಿಮ್ಮದು ಹತ್ತು ನಿಮಿಷದ ಕೆಲಸ. ಬಾಗಿಲು ತೆರೆದಿಟ್ಟುಕೊಳ್ಳಿ. ಬಾಗಿಲಿನ ದಪ್ಪದ ಅಂಚಿನಲ್ಲಿ, ಕೀ ತೂತಿನ ನೇರಕ್ಕೆ ಒಂದು ಉದ್ದನೆಯ ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿ. ಕೀ ಹಾಕಿ ಸ್ವಲ್ಪವೇ ಸ್ವಲ್ಪ ತಿರುಗಿಸಿ ಎಳೆದರೆ ಸಿಲಿಂಡರ್ ಈಚೆ ಬರುತ್ತದೆ. ಆ ತುಂಡನ್ನು ಜೇಬಿನಲ್ಲಿ ಹಾಕಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಅದೇ ಅಳತೆಯದು ಕೇಳಿ. 60 ಮಿಮೀ, 70 ಮಿಮೀ ಅಂತ ಬರುತ್ತದೆ. ಸ್ಕ್ರೂ ತೂತಿನ ನಡುವಿನಿಂದ ಎರಡೂ ಕಡೆ ಬೇರೆ ಬೇರೆಯಾಗಿ ಅಳೆಯಿರಿ, ಕೆಲವು ಬಾಗಿಲಲ್ಲಿ ಎರಡೂ ಕಡೆ ಸಮ ಇರಲ್ಲ. ಹೊರಗಡೆ ಪ್ಲೇಟ್‌ನಿಂದ ಸಿಲಿಂಡರ್ ಮೂಗು ಜಾಸ್ತಿ ಚಾಚಿರಬಾರದು. ಚಾಚಿದ್ದರೆ ಇಕ್ಕಳದಲ್ಲಿ ಹಿಡಿದು ಮುರಿಯುವುದು ಸುಲಭ. ಸ್ಕ್ರೂ ತೂತು ಇರುವ ಜಾಗವೇ ಅದರ ಸೊಂಟ, ಅಲ್ಲೇ ಲಟಕ್ ಅನ್ನುತ್ತದೆ.

ಆಸ್ಟಿನ್_ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಮನೆ ಕೊಂಡವರು ಮೊದಲ ದಿನ ಮಾಡುವ ಕೆಲಸವೇ ಇದು. ಬೀಗ ಬಿಸಾಡುವುದಿಲ್ಲ, ಕೀಯ ಹಲ್ಲಿಗೆ ತಕ್ಕಂತೆ ಒಳಗಿರುವ ಸಣ್ಣ ಪಿನ್‌ಗಳನ್ನು ಮಾತ್ರ ಬದಲಿಸಿ ಹೊಸ ಕೀ ಕೊಡುತ್ತಾರೆ. ನನ್ನದು ಕ್ವಿಕ್‌ಸೆಟ್‌ನವರ ಸ್ಮಾರ್ಟ್‌ಕೀ ಬೀಗ. ಹಳೇ ಕೀ ಹಾಕಿ ಕಾಲು ಸುತ್ತು ತಿರುಗಿಸಿ, ಪಕ್ಕದ ಸಣ್ಣ ತೂತಿಗೆ ಒಂದು ಕಡ್ಡಿ ಚುಚ್ಚಿ, ಹೊಸ ಕೀ ಹಾಕಿ ವಾಪಸ್ ತಿರುಗಿಸಿದರೆ ಮುಗಿಯಿತು. ಮೂರು ಬಾಗಿಲಿಗೂ ಒಂದೇ ಕೀ ಮಾಡಿಕೊಂಡೆ. ಹಳೇ ಕೀ ಕೈಯಲ್ಲಿಲ್ಲದಿದ್ದರೆ ಮಾತ್ರ ಇದು ಆಗಲ್ಲ.

ಬಾಡಿಗೆ ಮನೆಗೂ ಟೆಕ್ಸಸ್‌ನಲ್ಲಿ ಕಾನೂನಿದೆ. ಹೊಸ ಬಾಡಿಗೆದಾರ ಬಂದ 7 ದಿನದೊಳಗೆ ಮಾಲೀಕನೇ ಹೊರಬಾಗಿಲ ಬೀಗಗಳ ಕೀ ಬದಲಿಸಿ ಕೊಡಬೇಕು.

ಜಯನಗರ_ನಾಲ್ಕನೇಬ್ಲಾಕ್
ನಮ್ಮಲ್ಲಿ ಮಾಲೀಕ ಬಣ್ಣದ ದುಡ್ಡು ಹಿಡಿದುಕೊಳ್ಳುವುದು ಬಿಟ್ಟು ಬೇರೇನೂ ಬದಲಿಸಲ್ಲ.

ಉಳಿಬಾಚಿ
ಆ ಪಿನ್ ಬದಲಿಸುವ ಕೆಲಸ ನಮ್ಮ ಕಡೆ ಮಾಡುವವರು ಕಡಿಮೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಪಿನ್ ಸೆಟ್ ಕೇಳಿದರೆ ಬಟ್ಟೆ ಪಿನ್ ಕೊಡುತ್ತಾರೆ. ಸಿಲಿಂಡರನ್ನೇ ಬದಲಿಸುವುದು ಸುಲಭ. ಹೋದ ವಾರ ಒಬ್ಬರ ಮನೆಗೆ ಹಾಕಿದೆ, ಸಿಲಿಂಡರ್ 900 ರೂಪಾಯಿ ಆಯಿತು. ಹಿಡಿ, ಪ್ಲೇಟ್ ಎಲ್ಲ ಹಳೆಯದೇ.

ತುಳಸಿಕಟ್ಟೆ_ಮೈಸೂರು
ಇಷ್ಟು ಬೇಗ ಇಷ್ಟು ಉತ್ತರ! ಉಳಿಬಾಚಿಯವರೇ, ನಮ್ಮದು ಬಾವುಟದ ಕೀ. ದುಂಡನೆ ಕಡ್ಡಿ, ತುದಿಯಲ್ಲಿ ರೆಕ್ಕೆ. ಮೇಲೆ 6 ಲಿವರ್ ಅಂತ ಇಂಗ್ಲಿಷ್‌ನಲ್ಲಿ ಕೊರೆದಿದೆ. ಬಾಗಿಲ ದಪ್ಪದೊಳಗೆ ಹುದುಗಿಸಿದ್ದಾರೆ. ಒಳಗಿನಿಂದಲೂ ಅದೇ ಕೀ ಹಾಕಬೇಕು.

ಉಳಿಬಾಚಿ
ಹಾಗಾದರೆ ಸಿಲಿಂಡರ್ ಕಥೆ ಮರೆಯಿರಿ, ಅದರಲ್ಲಿ ಸಿಲಿಂಡರೇ ಇಲ್ಲ. ಎರಡು ದಾರಿ. ಒಂದು, ಪೂರ್ತಿ ಪೆಟ್ಟಿಗೆ ಬದಲಿಸುವುದು. ಅದೇ ಕಂಪನಿಯ ಅದೇ ಅಳತೆ ಸಿಕ್ಕರೆ ಹಳೇ ಗುಂಡಿಯಲ್ಲೇ ಕೂರುತ್ತದೆ. ಸಿಗದಿದ್ದರೆ ಉಳಿ ಹಿಡಿಯಬೇಕು, ತೇಗಕ್ಕೆ ತೇಪೆ ಹಾಕಬೇಕು, ಅದು ಕಾಣುತ್ತದೆ. ಎರಡು, ಹಳೇ ಕಾಲದ ಬೀಗ ರಿಪೇರಿಯವರನ್ನು ಹುಡುಕಿ. ಪೆಟ್ಟಿಗೆ ಬಿಚ್ಚಿ ಲಿವರ್‌ಗಳ ಜಾಗ ಅದಲು ಬದಲು ಮಾಡಿ ಅದಕ್ಕೆ ತಕ್ಕ ಹೊಸ ಕೀ ಅರದಲ್ಲಿ ಉಜ್ಜಿ ಕೊಡುತ್ತಾರೆ. ಹಳೇ ಕೀ ಹಾಕಿದರೆ ತಿರುಗಲ್ಲ. ಅಪ್ಪನಿಗೂ ಸಮಾಧಾನ. ಬೀಗದ ಮುಚ್ಚಳಕ್ಕೆ ಸ್ಕ್ರೂ ಇರಬೇಕು ಅಷ್ಟೇ. ರಿವೆಟ್ ಹೊಡೆದಿದ್ದರೆ ಕಷ್ಟ.

ಧಾರವಾಡ_ಪೇಡೆ
ನಮ್ಮ ಕಡೆ ನೀವು ಬೀಗ ಅನ್ನುವುದಕ್ಕೆ ಕೀಲಿ ಅನ್ನುತ್ತೇವೆ, ಬೀಗದ ಕೈಗೆ ಕೀಲಿಕೈ. ನಾನು ಬೆಂಗಳೂರಿಗೆ ಬಂದ ಹೊಸದರಲ್ಲಿ ಅಂಗಡಿಯಲ್ಲಿ "ಒಂದು ಕೀಲಿ ಕೊಡ್ರಿ" ಅಂದೆ. ಅವನು ಬರೀ ಕೀ ಮಾಡುವ ಹುಡುಗನ ಹತ್ತಿರ ಕಳಿಸಿದ. ಅರ್ಧ ಗಂಟೆ ಇಬ್ಬರೂ ಕನ್ನಡದಲ್ಲೇ ಜಗಳ ಮಾಡಿದೆವು.

ಲೆಕ್ಕದ_ಮೇಷ್ಟ್ರು
6 ಲಿವರ್ ಅಂದರೆ 6 × 5 × 4 × 3 × 2 × 1 = 720 ಥರ ಜೋಡಿಸಬಹುದು. ಹಳೆಯದು ಒಂದು ಬಿಟ್ಟರೆ ಹೊಸದಾಗಿ 719. ಸಾಕಲ್ಲ!

ಕೀಲು_ಕುತೂಹಲ
ಮೇಷ್ಟ್ರೇ, ಲೆಕ್ಕ ಸರಿ, ಬೀಗ ತಪ್ಪು. ಅವರ ಬೀಗಕ್ಕೆ ಒಳಗಿನಿಂದಲೂ ಹೊರಗಿನಿಂದಲೂ ಅದೇ ಕೀ. ಹೊರಗಿನಿಂದ ಹಾಕಿದಾಗ ಕೀಯ ತುದಿ ಮುಟ್ಟುವುದು ಒಳಗಡೆಯ ಲಿವರ್‌ಗೆ. ಒಳಗಿನಿಂದ ಹಾಕಿದಾಗ ಅದೇ ತುದಿ ಹೊರಗಡೆಯ ಲಿವರ್‌ಗೆ ತಾಗುತ್ತದೆ. ಎರಡೂ ಕಡೆಯಿಂದ ತೆರೆಯಬೇಕಾದರೆ ಮೆಟ್ಟಿಲುಗಳು ವಿಕಟಕವಿ ಅನ್ನುವ ಪದದ ಹಾಗೆ ಇರಬೇಕು, ಹಿಂದಿನಿಂದ ಓದಿದರೂ ಅದೇ. ಅಂದರೆ 6 ಲಿವರ್ ಮೂರು ಜೋಡಿಯಾಗುತ್ತವೆ. ಜೋಡಿಗಳನ್ನು ಅದಲು ಬದಲು ಮಾಡಿದರೆ ಬರೀ 6 ಥರ. ಹಳೆಯದು ಬಿಟ್ಟರೆ 5.

ಲೆಕ್ಕದ_ಮೇಷ್ಟ್ರು
ಅಯ್ಯೋ. ಒಪ್ಪಿದೆ. 719ರಿಂದ 5ಕ್ಕೆ ಇಳಿಯಿತು.

ಅರ್ಧ_ಟೀ
ನನ್ನ ಸಂಬಳದ ಕಥೆ ಇದ್ದ ಹಾಗಿದೆ.

ಕೀಲು_ಕುತೂಹಲ
ಹೆದರಬೇಡಿ. ಹಳೇ ಕೀ ತಿರುಗದಿದ್ದರೆ ಸಾಕು ಅಲ್ವಾ? ಅದಕ್ಕೆ ಒಂದೇ ಬದಲಾವಣೆ ಸಾಕು. ಜೊತೆಗೆ ಗುಜರಿಯ ಬೀಗದಿಂದ ಬೇರೆ ಒಂದು ಜೋಡಿ ಲಿವರ್ ಹಾಕಿದರೆ ಇನ್ನೂ ಒಳ್ಳೆಯದು.

ಕರಾವಳಿ_ಮಳೆ
ನಮ್ಮ ಉಡುಪಿ ಕಡೆ ಬೇರೆಯೇ ಗೋಳು. ಜೂನ್ ಬಂದರೆ ಬಾಗಿಲು ಊದಿಕೊಳ್ಳುತ್ತದೆ. ಬೀಗದಿಂದ ಚಾಚುವ ನಾಲಿಗೆ ಚೌಕಟ್ಟಿನ ತೂತಿಗೆ ಕೂರಲ್ಲ, ಎಲ್ಲರೂ ಬೀಗ ಹಾಳಾಯಿತು ಅನ್ನುತ್ತಾರೆ. ಹೊಸ ಬೀಗ ಹಾಕಿಸುವುದಾದರೆ ಮಳೆಗಾಲ ಮುಗಿದ ಮೇಲೆ ಹಾಕಿಸಿ. ಮಳೆಯಲ್ಲೇ ಹಾಕಿಸಿದರೆ ಬೇಸಿಗೆಯಲ್ಲಿ ಲೊಡ ಲೊಡ.

ಮತ್ತೆ ದಯವಿಟ್ಟು ಕೀ ತೂತಿಗೆ ತೆಂಗಿನೆಣ್ಣೆ ಬಿಡಬೇಡಿ. ನಮ್ಮ ಮನೆಯಲ್ಲಿ ಅಮ್ಮ ವರ್ಷವೂ ಬಿಡುತ್ತಿದ್ದರು. ಧೂಳು ಸೇರಿ ಒಳಗೆ ಅಂಟಿನ ಉಂಡೆ ಆಗಿತ್ತು. ಪೆನ್ಸಿಲ್ ಸೀಸ ಕೀಗೆ ಉಜ್ಜಿ ನಾಲ್ಕು ಸಲ ಹಾಕಿ ತೆಗೆದರೆ ಸಾಕು. ಅದು ಗ್ರಾಫೈಟ್, ಒಣ ಪುಡಿ, ಅಂಟಲ್ಲ.

ಬೀಗರ_ಊಟ
ಆಯುಧಪೂಜೆಯಲ್ಲಿ ಸರಿಯಾಗಿ ಕೀ ತೂತಿಗೇ ಅರಿಸಿನ ಕುಂಕುಮ ಇಡುವವರಿಗೆ ಏನು ಹೇಳುತ್ತೀರಿ?

ಕರಾವಳಿ_ಮಳೆ
ತಟ್ಟೆಯಲ್ಲಿ ಬೇರೆ ಬೀಗ ಇಟ್ಟು ಪೂಜೆ ಮಾಡಿ ಅನ್ನುತ್ತೇನೆ.

ವೈಟ್‌ಫೀಲ್ಡ್_12ನೇಮಹಡಿ
ಹಳೇ ಬೀಗದ ಮಾತೇ ಆಯಿತು. ಡಿಜಿಟಲ್ ಬೀಗ ಇರುವ ಫ್ಲಾಟ್ ಕೊಂಡವರೂ ಕೇಳಿಸಿಕೊಳ್ಳಿ. ನಾನು ಕೊಂಡ ಫ್ಲಾಟ್‌ನಲ್ಲಿ ಬೆರಳಚ್ಚಿನ ಬೀಗ ಇತ್ತು. ನಂಬರ್ ಬದಲಿಸಿ ಸುಮ್ಮನಾದೆ. ಆಮೇಲೆ ನೋಡಿದರೆ ಹಳೇ ಮಾಲೀಕರ ಮನೆಯ ಐದು ಜನರ ಬೆರಳೂ ಅದರಲ್ಲೇ ಇತ್ತು, ಅವರ ಫೋನಿನ ಆ್ಯಪ್‌ಗೂ ಜೋಡಣೆ ಹಾಗೇ ಇತ್ತು. ನಾನು ಎಷ್ಟೊತ್ತಿಗೆ ಮನೆಗೆ ಬರುತ್ತೇನೆ ಅಂತ ಅವರ ಫೋನಿಗೆ ಟಿಣ್ ಟಿಣ್ ಹೋಗುತ್ತಿತ್ತಂತೆ. ಪಾಪ, ಅವರೇ ಫೋನ್ ಮಾಡಿ ಹೇಳಿದರು. ಫ್ಯಾಕ್ಟರಿ ರೀಸೆಟ್ ಮಾಡಿಯೇ ಮುಂದುವರಿಯಿರಿ. ಅದರ ಜೊತೆಗೆ ಬರುವ ಮಾಮೂಲಿ ಕೀಗಳು ಎಷ್ಟು, ಎಲ್ಲಿ ಅಂತಲೂ ಕೇಳಿ.

ಸುಮ್ನಿರಿ_ಸಾರ್
ಬ್ಯಾಟರಿ ಸತ್ತರೆ ಮೆಟ್ಟಿಲ ಮೇಲೆ ಮಲಗಬೇಕು. ನನಗೆ ಬೇಡಪ್ಪ ಅದು.

ವೈಟ್‌ಫೀಲ್ಡ್_12ನೇಮಹಡಿ
ಇಲ್ಲ. ಎಷ್ಟೋ ಮಾದರಿಗಳಲ್ಲಿ ಹೊರಗಡೆ ಕೆಳಗೆ ಎರಡು ಸಣ್ಣ ಬೊಟ್ಟು ಇರುತ್ತವೆ. 9 ವೋಲ್ಟ್ ಬ್ಯಾಟರಿ ಒತ್ತಿ ಹಿಡಿದರೆ ಜೀವ ಬರುತ್ತದೆ.

ಸುಮ್ನಿರಿ_ಸಾರ್
ರಾತ್ರಿ 11ಕ್ಕೆ 9 ವೋಲ್ಟ್ ಬ್ಯಾಟರಿ ಎಲ್ಲಿಂದ ತರಲಿ?

ವೈಟ್‌ಫೀಲ್ಡ್_12ನೇಮಹಡಿ
ಪಕ್ಕದ ಮನೆ ಅಜ್ಜಿಯ ಹತ್ತಿರ ಕೊಟ್ಟಿರಿ!

ಹಾಸನ_ಹಾಲುಬಾಯಿ
ಒಂದು ಪ್ರಶ್ನೆ. ನಾವು ಅಗ್ರಿಮೆಂಟ್ ಮಾಡಿಕೊಂಡು ಅಡ್ವಾನ್ಸ್ ಕೊಟ್ಟಿದ್ದೇವೆ. ರಿಜಿಸ್ಟ್ರೇಷನ್ ಮುಂದಿನ ತಿಂಗಳು. ಮನೆ ಖಾಲಿ ಇದೆ, ಬಣ್ಣಕ್ಕೆ ಅಂತ ಕೀ ಕೊಟ್ಟಿದ್ದಾರೆ. ಈಗಲೇ ಬೀಗ ಬದಲಿಸಬಹುದಾ?

ಪಾಲಿಸಿ_ಮಾವ
ಬೇಡ. ಕ್ರಯಪತ್ರ ಆಗುವ ತನಕ ಮನೆ ಅವರದು. ನೀವು ಬೀಗ ಹಾಕಿದರೆ ನಾಳೆ ಏನಾದರೂ ಹೆಚ್ಚುಕಮ್ಮಿ ಆದಾಗ ಅಕ್ರಮವಾಗಿ ಹೊಕ್ಕರು ಅನ್ನುತ್ತಾರೆ. ಸ್ವಾಧೀನ ಕೊಡುವ ದಿನ ಒಂದು ಹಾಳೆಯಲ್ಲಿ "ಇಂತಿಷ್ಟು ಕೀ ಕೊಟ್ಟಿದ್ದೇವೆ" ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಅವತ್ತು ಸಂಜೆಯೇ ಬದಲಿಸಿ. ಮನೆಯಲ್ಲಿ ಬಾಡಿಗೆಯವರು ಇದ್ದರಂತೂ ಅವರನ್ನು ಕೇಳದೆ ಮುಟ್ಟಲೇಬೇಡಿ. ಬಾಡಿಗೆಯವರನ್ನು ಬೀಗ ಬದಲಿಸಿ ಹೊರಗೆ ಹಾಕುವುದು ಕಾನೂನಿನಲ್ಲಿ ಇಲ್ಲ, ಕೋರ್ಟ್ ದಾರಿಯೇ ದಾರಿ.

ಮಲೆನಾಡ_ಮೂಲೆ
ನಮ್ಮಜ್ಜನ ಮನೆಯಲ್ಲಿ ಬೀಗವೇ ಇರಲಿಲ್ಲ. ಒಳಗಿನಿಂದ ಅಗುಳಿ ಅಷ್ಟೇ. ಮನೆ ತುಂಬಾ ಜನ ಇರುತ್ತಿದ್ದರು, ಹೊರಗಿನಿಂದ ಹಾಕುವ ಪ್ರಸಂಗವೇ ಬರುತ್ತಿರಲಿಲ್ಲ.

ಧಾರವಾಡ_ಪೇಡೆ
ಮಹಾರಾಷ್ಟ್ರದ ಶನಿ ಶಿಂಗಣಾಪುರದಲ್ಲಿ ಮನೆಗಳಿಗೆ ಬಾಗಿಲೇ ಇಡದ ಪದ್ಧತಿ ಇದೆಯಲ್ಲ. 2011ರಲ್ಲಿ ಅಲ್ಲಿ ಯುಕೋ ಬ್ಯಾಂಕ್ ಬೀಗವಿಲ್ಲದ ಶಾಖೆ ತೆರೆಯಿತು.

ಅರ್ಧ_ಟೀ
ಅಲ್ಲಿ ಶನಿದೇವರ ಕಾವಲಿದೆ. ಕುವೆಂಪುನಗರದಲ್ಲಿ ಅಜ್ಜಿ ಮಾತ್ರ.

ಕೀಲು_ಕುತೂಹಲ
ಹಳೇ ಬೀಗಗಳ ವಿಷಯ ಬಂದದ್ದಕ್ಕೆ: ಗೋದ್ರೆಜ್‌ನವರು 1897ರಲ್ಲಿ ಮುಂಬೈಯಲ್ಲಿ ಶುರು ಮಾಡಿದ್ದೇ ಬೀಗದಿಂದ. ಈಗ ಅದೇ ಮನೆತನದ ಕಂಪನಿ ಇಸ್ರೋಗೆ ರಾಕೆಟ್‌ನ ವಿಕಾಸ್ ಎಂಜಿನ್ ಮಾಡಿಕೊಡುತ್ತದೆ. ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಅವು ಕೈಯಲ್ಲೇ ಮಾಡಿದವು, ನನ್ನ ಹತ್ತಿರ ಒಂದಿದೆ. ಅಲಿಗಢದ್ದೂ ಎರಡಿವೆ. ಹೆಂಡತಿ ಇವನ್ನೆಲ್ಲ ಗುಜರಿ ಅನ್ನುತ್ತಾಳೆ.

ಜಯನಗರ_ನಾಲ್ಕನೇಬ್ಲಾಕ್
ಎಲ್ಲರೂ ಮುಂಬಾಗಿಲನ್ನೇ ಹಿಡಿದುಕೊಂಡಿದ್ದೀರಿ. ಹಿತ್ತಲ ಬಾಗಿಲು? ತಾರಸಿ ಬಾಗಿಲು? ಗೇಟು? ನಾವು ಮುಂದೆ ದುಬಾರಿ ಬೀಗ ಹಾಕಿಸಿದೆವು. ತಾರಸಿ ಬಾಗಿಲಿಗೆ ಬರೀ ಒಂದು ಚಿಲಕ, ಅದೂ ಹೊರಗಿನಿಂದ ಅಲ್ಲಾಡಿಸಿದರೆ ಬಿಚ್ಚಿಕೊಳ್ಳುತ್ತಿತ್ತು. ವರ್ಷವಾದ ಮೇಲೆ ನೀರಿನ ಟ್ಯಾಂಕ್ ತೊಳೆಯಲು ಬಂದ ಹುಡುಗ ತೋರಿಸಿದ.

ಉಳಿಬಾಚಿ
ಸರಿಯಾಗಿ ಹೇಳಿದಿರಿ. ಇನ್ನೊಂದು, ಚೌಕಟ್ಟಿನಲ್ಲಿ ನಾಲಿಗೆ ಕೂರುವ ಪಟ್ಟಿಯ ಸ್ಕ್ರೂ ಬಿಚ್ಚಿ ನೋಡಿ. ಎಷ್ಟೋ ಮನೆಯಲ್ಲಿ ಅರ್ಧ ಇಂಚಿನ ಸ್ಕ್ರೂ. ಒಂದು ಒದೆ ಸಾಕು. ಎರಡು ಇಂಚಿನದು ಹಾಕಿ, ಹತ್ತು ರೂಪಾಯಿ ಕೆಲಸ.

ನರ್ಸಮ್ಮ
ನಾನು ಹೇಳುವುದು ಬೇರೆ. ಒಳಗಿನಿಂದಲೂ ಕೀ ಹಾಕಿದರೇ ತೆಗೆಯಲು ಆಗುವ ಬೀಗ ರಾತ್ರಿ ಅಪಾಯ. ಬೆಂಕಿಯೋ ಗ್ಯಾಸ್ ಸೋರಿಕೆಯೋ ಆದರೆ ಕತ್ತಲಲ್ಲಿ ಕೀ ಎಲ್ಲಿ ಹುಡುಕುತ್ತೀರಿ? ಅದರ ಮೇಲೆ ಕುರ್ಚಿ ಬೇರೆ! ನಿಮ್ಮ ಮನೆಯಲ್ಲಿ ವಯಸ್ಸಾದ ಅಪ್ಪ ಇದ್ದಾರೆ. ರಾತ್ರಿ ಒಳಗಿನಿಂದ ಕೈಯಲ್ಲೇ ತಿರುಗಿಸುವ ಚಿಲಕ ಹಾಕಿ, ಬೀಗ ಹೊರಗೆ ಹೋಗುವಾಗ ಹಾಕಿ. ಹೊಸದು ಕೊಳ್ಳುವವರು ಒಳಗಡೆ ತಿರುಗಿಸುವ ಗುಂಡಿ ಇರುವುದನ್ನೇ ತಗೊಳ್ಳಿ.

ತುಳಸಿಕಟ್ಟೆ_ಮೈಸೂರು
ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಮೊದಲು ಹೊಸ ಬೀಗವೇ ನೋಡೋಣ ಅಂತ ಮೂರು ಅಂಗಡಿ ಸುತ್ತಿದೆ. ಹಳೇ ಅಳತೆಯದು ಸಿಗಲಿಲ್ಲ. ಆಮೇಲೆ ದೇವರಾಜ ಮಾರುಕಟ್ಟೆ ಕಡೆ ವಿಚಾರಿಸುತ್ತಾ ಹೋಗಿ ಒಬ್ಬ ವಯಸ್ಸಾದ ರಿಪೇರಿಯವರನ್ನು ಹಿಡಿದೆ. ಮನೆಗೇ ಬಂದರು. ಮುಚ್ಚಳಕ್ಕೆ ಸ್ಕ್ರೂ ಇತ್ತು, ಪುಣ್ಯ. ಎರಡು ಜೋಡಿ ಲಿವರ್ ಅದಲು ಬದಲು ಮಾಡಿ, ಇನ್ನೊಂದು ಜೋಡಿ ತಮ್ಮ ಚೀಲದ ಹಳೇ ಬೀಗದಿಂದ ಹಾಕಿದರು. ಅಪ್ಪ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತು ಎರಡು ಗಂಟೆ ನೋಡಿದರು. ನಾಲ್ಕು ಹೊಸ ಕೀ ಸೇರಿ 1,400 ರೂಪಾಯಿ. ವಿಕಟಕವಿ ಮಾತು ಅವರಿಗೆ ಹೇಳಿದೆ. "ಅದು ಗೊತ್ತಿಲ್ಲದವನು ಈ ಕೆಲಸ ಮಾಡ್ತಾನಾ?" ಅಂದರು.

ಪಟ್ಟಿಗೆ ಉದ್ದನೆಯ ಸ್ಕ್ರೂ, ಹಿತ್ತಲಿಗೆ ಹೊಸ ಬೀಗ, ತಾರಸಿಗೆ ಒಳಗಿನಿಂದ ಅಡ್ಡಪಟ್ಟಿ. ಮುಂಬಾಗಿಲಿಗೆ ಒಳಗಡೆ ಕೈ ಚಿಲಕ. ಕುರ್ಚಿ ವಾಪಸ್ ಊಟದ ಮೇಜಿಗೆ ಹೋಯಿತು.

ಇನ್ನು ಬಿಸ್ಕತ್ ಡಬ್ಬ. ಕೂತು ಒಂದೊಂದೇ ಕೀ ಹಾಕಿ ನೋಡಿದೆವು. ಒಂದು ಚಪ್ಪಟೆ ಕೀ ಎಲ್ಲಿಗೂ ಆಗಲಿಲ್ಲ. ಅದಕ್ಕೆ ಕೆಂಪು ದಾರ ಕಟ್ಟಿತ್ತು. ಅಜ್ಜಿಗೆ ತೋರಿಸಿದರೆ, "ಅದು ನಮ್ಮನೇದಪ್ಪಾ" ಅಂದರು!

ಬೀಗರ_ಊಟ
ಹಾಗಾದರೆ ಅಜ್ಜಿಯೇ ಕುರ್ಚಿ ಒತ್ತರಿಸಿಕೊಂಡು ಮಲಗಬೇಕಿತ್ತು.

ನರ್ಸಮ್ಮ
ವಾಪಸ್ ಕೊಟ್ಟಿರಾ?

ತುಳಸಿಕಟ್ಟೆ_ಮೈಸೂರು
ಕೊಡಲು ಹೋದೆ, ತಗೊಳ್ಳಲಿಲ್ಲ. "ನಾನು ಒಬ್ಬಳೇ ಇರ್ತೀನಿ, ಒಂದು ದಿನ ಬಾಗಿಲು ತೆಗೀದಿದ್ರೆ ಯಾರಾದ್ರೂ ಒಳಗೆ ಬರಬೇಕಲ್ಲ" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಹೆಂಡತಿ ಆ ಕೀಯನ್ನು ದೇವರ ಮನೆ ಪಕ್ಕದ ಮೊಳೆಗೆ ನೇತು ಹಾಕಿದ್ದಾಳೆ.

ಸುಮ್ನಿರಿ_ಸಾರ್
ನಿಮ್ಮ ಹೊಸ ಕೀ ಅವರಿಗೆ?

ತುಳಸಿಕಟ್ಟೆ_ಮೈಸೂರು
ನಾಲ್ಕರಲ್ಲಿ ಒಂದು ಕೊಟ್ಟಿದ್ದೇವೆ. ಬರುವ ಮುಂಚೆ ಫೋನ್ ಮಾಡಿ ಅಂತ ಹೇಳಿದ್ದೇವೆ. ಅವರ ಫೋನ್‌ನಲ್ಲಿ ನನ್ನ ನಂಬರ್ ಹಾಕಿಕೊಟ್ಟು ಬಂದೆ.

ಕೀಲು_ಕುತೂಹಲ
ತೆಗೆದ ಹಳೇ ಲಿವರ್ ಜೋಡಿ ಏನು ಮಾಡಿದಿರಿ? ಹಿತ್ತಾಳೆಯದಾ? ಬಿಸಾಡಬೇಡಿ, ನನಗೆ ಬೇಕು.

ತುಳಸಿಕಟ್ಟೆ_ಮೈಸೂರು
ಹಿತ್ತಾಳೆಯದೇ. ರಿಪೇರಿಯವರು ಚೀಲಕ್ಕೆ ಹಾಕಿಕೊಂಡು ಹೋದರು.